ಗದ್ದೆ ಟ್ರ್ಯಾಕ್‌ಗೆ ಇಳಿಯೋಕೆ ಎಷ್ಟು ದುಡ್ಡು ಬೇಕು? ನೀವು ಕೇಳಿದ್ರಿ, ನಾವು ಹೇಳ್ತೀವಿ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಹುತ್ತರಿ ಹಬ್ಬ ಮುಗಿದು ಗದ್ದೆ ಕುಯ್ಲಾಯ್ತು ಅಂದ್ರೆ ನಮ್ಮ ಕೊಡಗಿನ ಕಡೆ ಗದ್ದೆ ಮಣ್ಣಲ್ಲಿ ಕಾರಿನ ಆಟೋಕ್ರಾಸು, ಬೈಕಿನ ಡರ್ಟ್ ಟ್ರ್ಯಾಕ್ ರೇಸು ಶುರು. ಮೊದಲು ಆಸೆ ಇದ್ದವನೆಲ್ಲಾ ಇಳೀತಿದ್ದ, ಈಗ ದುಡ್ಡು ಇದ್ದವನು ಮಾತ್ರ ಇಳೀತಾನೆ ಅನ್ನೋ ಸಂಕಟ ಎಲ್ಲರ ಕಾಗದದಲ್ಲೂ ಉಂಟು. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೀವಿ.

ಗೋಣಿಕೊಪ್ಪದಿಂದ:

ಅಣ್ಣಾ ನಮಸ್ಕಾರ. ನಾನು 200 ಸಿಸಿ ಬೈಕಲ್ಲಿ ಲೋಕಲ್ ಕ್ಲಾಸಲ್ಲಿ (ಊರ ಹುಡುಗರ ವಿಭಾಗ) ಓಡಿಸ್ತೀನಿ, ವರ್ಕ್‌ಶಾಪಲ್ಲಿ ಕೆಲಸ. ಟೈರು, ಬೈಕ್ ಸಾಗಿಸೋ ಪಿಕಪ್ ಗಾಡಿ ಬಾಡಿಗೆ, ಎಂಟ್ರಿ ಫೀ, ಊಟ ಎಲ್ಲಾ ಸೇರಿ ಒಂದು ರೇಸ್‌ಗೆ ಅರ್ಧ ತಿಂಗಳ ಸಂಬಳ ಹೋಗ್ತದೆ. ನನ್ನ ಜೊತೆ ಓಡಿಸ್ತಿದ್ದವರು ಈಗ ಫಾರಿನ್ ಸಸ್ಪೆನ್ಷನ್, ಎಕ್ಸಾಸ್ಟ್, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಎಲ್ಲಾ ಹಾಕಿಸ್ಕೊಂಡು ಬರ್ತಿದ್ದಾರೆ, ನಾನು ಫೈನಲ್‌ಗೇ ಹೋಗೋಕಾಗ್ತಿಲ್ಲ. ಸೊಸೈಟಿಯಲ್ಲಿ ಲೋನ್ ಮಾಡಿ ಎಂಜಿನ್ ಕೆಲಸ ಮಾಡಿಸ್ಲಾ?

ಉತ್ತರ: ತಮ್ಮಾ, ಲೋನ್ ಬೇಡ. ಮೊದಲು ಅದನ್ನ ಹೇಳಿಬಿಡ್ತೀನಿ, ಕಾರಣ ಆಮೇಲೆ.

ನಮ್ಮ ಗದ್ದೆ ಟ್ರ್ಯಾಕಲ್ಲಿ ಉದ್ದಕ್ಕೆ ನೇರ ದಾರಿ ಎಲ್ಲುಂಟು ಹೇಳು? ಬದು ಸವರಿ ಮಾಡಿದ ಜಂಪು, ಒಂದೆರಡು ಟೇಬಲ್‌ಟಾಪು (ಮೇಲೆ ಚಪ್ಪಟೆ ಇರೋ ದಿಬ್ಬ), ತಿರುವಿನ ಮೇಲೆ ತಿರುವು, ಥರ್ಡ್ ಗೇರ್ ಬೀಳೋಷ್ಟರಲ್ಲಿ ಮತ್ತೆ ಬ್ರೇಕ್ ಹಿಡೀಬೇಕು. ಇಂಥ ಜಾಗದಲ್ಲಿ ಎಂಜಿನ್‌ಗೆ ಎರಡು ಮೂರು ಹಾರ್ಸ್‌ಪವರ್ ಜಾಸ್ತಿ ಮಾಡಿದ್ರೆ ಹಿಂದಿನ ಚಕ್ರ ಇನ್ನಷ್ಟು ಜಾರ್ತದೆ, ಅದರಿಂದ ಬೇರೇನೂ ಸಿಗಲ್ಲ. ಟೈಮ್ ಉಳಿಯೋದು ತಿರುವಿಂದ ಹೊರಗೆ ಬರುವಾಗ ಟೈರ್ ಮಣ್ಣು ಕಚ್ಚೋದ್ರಲ್ಲಿ, ಜಂಪ್ ಇಳಿದಾಗ ಬೈಕ್ ಕುಣಿಯದೆ ಕೂರೋದ್ರಲ್ಲಿ, ಮತ್ತೆ ಕೊನೇ ಎರಡು ಲ್ಯಾಪಲ್ಲಿ ನಿನ್ನ ಕೈ ತೊಡೆ ಸೋಲದೇ ಇರೋದ್ರಲ್ಲಿ. ಈ ಮೂರರಲ್ಲಿ ಎರಡಕ್ಕೆ ಬರೀ ಪ್ರಾಕ್ಟೀಸ್ ಸಾಕು.

ಮೊದಲು ಗೇರಿಂಗ್ ನೋಡು. ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಕೂರೋ ಹಲ್ಲಿನ ಚಕ್ರ) ಒಂದು ಹಲ್ಲು ಕಮ್ಮಿ ಮಾಡೋದೂ ಹಿಂದೆ ಸುಮಾರು ಮೂರು ಹಲ್ಲು ಜಾಸ್ತಿ ಮಾಡೋದೂ ಹೆಚ್ಚುಕಮ್ಮಿ ಒಂದೇ ಲೆಕ್ಕ, ಮುಂದಿನದು ಕೆಲವು ನೂರು ರೂಪಾಯಿಯಲ್ಲಿ ಮುಗೀತದೆ. ಸಣ್ಣ ಟ್ರ್ಯಾಕಲ್ಲಿ ಇದು ಕೊಡೋ ಪಿಕಪ್ಪನ್ನ (ಬೇಗ ವೇಗ ಹಿಡಿಯೋದು) ದುಬಾರಿ ಎಕ್ಸಾಸ್ಟ್ ಕೊಡಲ್ಲ. ಆಮೇಲೆ ಟೈರ್. ಬಟನ್ ಟೈರ್‌ನ (ಮಣ್ಣಿಗೆ ಹಾಕೋ, ದೊಡ್ಡ ಉಬ್ಬುಗಳಿರೋ ಟೈರು) ಉಬ್ಬುಗಳ ಮುಂದಿನ ಅಂಚು ಸವೆದ್ರೆ ಸುಮಾರು ಜನ ಎತ್ತಿ ಎಸೀತಾರೆ, ಆದ್ರೆ ಸೈಡ್‌ವಾಲ್‌ನಲ್ಲಿ ಬಾಣದ ಗುರುತು ಹಾಕಿ ಇದೇ ದಿಕ್ಕು ಅಂತ ಕೊಟ್ಟಿಲ್ಲ ಅಂದ್ರೆ ಹಿಂದಿನ ಟೈರನ್ನ ರಿಮ್‌ನಿಂದ ಬಿಚ್ಚಿ ತಿರುಗಿಸಿ ಹಾಕು, ಸವೆಯದೇ ಇರೋ ಅಂಚು ಮುಂದೆ ಬರ್ತದೆ, ಇನ್ನೊಂದು ರೇಸು ಆರಾಮಾಗಿ ಓಡ್ತದೆ. ಗಾಳಿ ರೋಡಿನ ಲೆಕ್ಕದಲ್ಲಿ ತುಂಬಬೇಡ, ಮಣ್ಣಲ್ಲಿ 12ರಿಂದ 15 ಪಿಎಸ್‌ಐ ಒಳಗೆ ಇಟ್ಟು ನೋಡು, ಆದ್ರೆ ಅಷ್ಟು ಕಮ್ಮಿ ಗಾಳಿಗೆ ಟೈರನ್ನ ರಿಮ್‌ಗೆ ಅಮುಕಿ ಹಿಡಿಯೋ ರಿಮ್ ಲಾಕ್ ಇರ್ಲೇಬೇಕು, ಇಲ್ಲಾಂದ್ರೆ ಟ್ಯೂಬ್ ತಿರುಗಿ ವಾಲ್ವ್ ಕಿತ್ತು ಬರ್ತದೆ.

ಈಗ ನಿನ್ನ ಎಂಜಿನ್ ಖರ್ಚಿಗೆ ಬರ್ತೀನಿ, ಯಾಕಂದ್ರೆ ಸೀಸನ್ ಮಧ್ಯದಲ್ಲಿ ಬೋರ್ ಹೋಯ್ತು, ರಿಂಗ್ ಹೋಯ್ತು ಅಂತ ಬರೋ ಬೈಕ್‌ಗಳಲ್ಲಿ ಬಹಳಷ್ಟನ್ನ ಹಾಳು ಮಾಡೋದು ಧೂಳು. ಕುಯ್ಲಾದ ಮೇಲೆ ಒಣಗಿ ಬಿರಿದ ಗದ್ದೆ ಮಣ್ಣು ಚಕ್ರಕ್ಕೆ ಸಿಕ್ಕಿ ಎಷ್ಟು ನಯ ಆಗ್ತದೆ ಅಂದ್ರೆ ಗಾಗಲ್ಸ್ ಫೋಮ್ ದಾಟಿ ಕಣ್ಣಿಗೇ ಬರ್ತದೆ, ಅದು ಏರ್ ಫಿಲ್ಟರ್‌ನ ಬಿಡ್ತದಾ? ಫೋಮ್ ಫಿಲ್ಟರ್ ಆದ್ರೆ ಸೋಪು ನೀರಲ್ಲಿ ಅದುಮಿ ಅದುಮಿ ತೊಳಿ, ಹಿಂಡಿ ತಿರುಚಬೇಡ, ಅಂಟಿಸಿರೋ ಜಾಯಿಂಟ್ ಬಿಟ್ಟುಹೋಗ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಾಕಿ ಎಲ್ಲಾ ಕಡೆ ಒಂದೇ ಬಣ್ಣ ಬರೋವರೆಗೆ ಅದುಮು, ಕೂರೋ ಅಂಚಿಗೆ ಸುತ್ತಲೂ ತೆಳ್ಳಗೆ ಗ್ರೀಸ್ ಹಚ್ಚು. ಫಿಲ್ಟರ್ ತೆಗೆದಾಗ ಒಂದು ಬಿಳಿ ಬಟ್ಟೆಯಲ್ಲಿ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗೋ ಬಾಯಿ) ಒಳಗೆ ಒರೆಸಿ ನೋಡು, ಬಟ್ಟೆಗೆ ಕೆಂಪು ಮಣ್ಣು ಅಂಟಿದ್ರೆ ಧೂಳು ಫಿಲ್ಟರ್ ದಾಟಿ ಒಳಗೆ ಹೋಗ್ತಾ ಉಂಟು ಅಂತ ಅರ್ಥ, ಹಾಗೇ ಓಡಿಸಬೇಡ. ಪ್ರಾಕ್ಟೀಸ್ ಮುಗಿದ ಮೇಲೆ ಒಂದು, ಹೀಟ್ಸ್ (ಫೈನಲ್‌ಗೆ ಆರಿಸೋ ಮೊದಲ ಸುತ್ತುಗಳು) ಮುಗಿದ ಮೇಲೆ ಒಂದು ಅಂತ ರೆಡಿ ಮಾಡಿದ ಫಿಲ್ಟರ್ ಕವರಲ್ಲಿ ಕಟ್ಟಿ ತಗೊಂಡು ಹೋಗು. ಪ್ರತಿ ರೇಸ್ ಆದ ಮೇಲೆ ಎಂಜಿನ್ ಆಯಿಲ್ ಬದಲಾಯಿಸು. ಒಂದು ಲೀಟರ್ ಚಿಲ್ಲರೆ ಆಯಿಲ್ ಉಳಿಸೋಕೆ ಹೋಗಿ ಪಿಸ್ಟನ್ ಕಿಟ್‌ಗೆ ದುಡ್ಡು ಕಟ್ಟಬೇಡ.

ಫಾರಿನ್ ಪಾರ್ಟ್ಸ್ ರೇಟ್ ಇಳೀತದಾ ಅಂತ ಕಾಯೋದೂ ಬೇಡ. 2014ರ ಹೊತ್ತಿಗೆ ಡಾಲರ್‌ಗೆ ಸುಮಾರು 60 ರೂಪಾಯಿ ಇತ್ತು, 2025ರ ಕೊನೆಗೆ 90 ದಾಟ್ತು. ಅದರ ಮೇಲೆ ಸಾಗಾಟ, ಕಸ್ಟಮ್ಸ್, ಟ್ಯಾಕ್ಸ್. ಅದೇ ಶಾಕ್ ಅಬ್ಸಾರ್ಬರು, ಅದೇ ಕಂಪನಿ, ಅಲ್ಲಿ ಒಂದು ಪೈಸೆ ಏರದಿದ್ರೂ ನಮಗೆ ಒಂದೂವರೆ ಪಟ್ಟು ಆಗಿಹೋಗಿದೆ. ನಮ್ಮಲ್ಲೇ ಮಾಡೋ ಸಾಮಾನಿಗೆ ಮಾತ್ರ ಸ್ವಲ್ಪ ಉಸಿರಾಡೋ ಹಾಗಾಯ್ತು, 2025ರ ಸೆಪ್ಟೆಂಬರ್ 22ರಿಂದ ಟೈರಿಗೂ 350 ಸಿಸಿ ಒಳಗಿನ ಬೈಕಿಗೂ ಜಿಎಸ್‌ಟಿ 28 ಪರ್ಸೆಂಟ್‌ನಿಂದ 18ಕ್ಕೆ ಇಳೀತು. ಟೈರ್ ತಗೋಳುವಾಗ ಅಂಗಡಿಯವರ ಹತ್ತಿರ ಬಿಲ್ ಕೇಳಿ ನೋಡು, ಹಳೇ ರೇಟೇ ಹೇಳ್ತಿದ್ರೆ ಬೇರೆ ಕಡೆ ವಿಚಾರಿಸು.

ಶನಿವಾರಸಂತೆಯಿಂದ, ಒಬ್ಬ ತಾಯಿ:

ಸರ್, ನಮ್ಮ ಮಗ ಡಿಗ್ರಿ ಎರಡನೇ ವರ್ಷ. ಕಾಫಿಗೆ ರೇಟ್ ಬಂದಿದೆ, ರೇಸ್ ಬೈಕ್ ಕೊಡಿಸಿ ಅಂತ ಹಠ ಹಿಡಿದಿದ್ದಾನೆ. ಇವರು ಬೇಡ ಅಂತಾರೆ. ಬೈಕ್ ರೇಟ್ ಒಂದು ಹೇಳ್ತಾನೆ, ಆಮೇಲೆ ಎಷ್ಟು ಸುರೀಬೇಕು ಅಂತ ಹೇಳೋದಿಲ್ಲ. ಬೇಡ ಅಂದ್ರೆ ಮನೆ ಬೈಕಲ್ಲೇ ರೋಡಲ್ಲಿ ಹಾರಿಸ್ತಾನೆ ಅಂತ ಭಯ. ಏನು ಮಾಡೋದು?

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾದ್ದೇ, ಆದ್ರೆ ಎರಡು ಬೇರೆ ಬೇರೆ ಭಯ ಸೇರಿಕೊಂಡಿದೆ, ದುಡ್ಡಿಂದು ಒಂದು, ಜೀವದ್ದು ಒಂದು.

ಜೀವದ್ದು ಮೊದಲು. ರೋಡಲ್ಲಿ ರೇಸ್ ಮಾಡೋದು ಮೋಟಾರ್ ವಾಹನ ಕಾಯ್ದೆ ಪ್ರಕಾರ ಅಪರಾಧ, 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲ ಸಿಕ್ಕಿಬಿದ್ರೇ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕಾಯ್ದೆ ಬಿಡಿ, ನಮ್ಮ ರೋಡುಗಳ ತಿರುವಲ್ಲಿ ಎದುರಿಗೆ ಮರದ ಲಾರಿ ಬರ್ತದೋ ಜೀಪ್ ಬರ್ತದೋ ಯಾರಿಗೆ ಗೊತ್ತು. ಗದ್ದೆ ಟ್ರ್ಯಾಕಲ್ಲಿ ಎಲ್ಲರೂ ಒಂದೇ ದಿಕ್ಕಲ್ಲಿ ಹೋಗ್ತಾರೆ, ಎದುರಿಗೆ ಯಾರೂ ಬರಲ್ಲ, ಬಿದ್ರೆ ಮಾರ್ಷಲ್ ಬಾವುಟ ಎತ್ತುತ್ತಾನೆ, ಆಂಬುಲೆನ್ಸ್ ಪಕ್ಕದಲ್ಲೇ ಇರ್ತದೆ. ಅಪಾಯ ಇಲ್ಲ ಅಂತ ನಾನು ಹೇಳಲ್ಲ, ಕಾಲರ್ ಬೋನ್ ಮುರ್ಕೊಂಡವರು, ಮಣಿಕಟ್ಟು ಮುರ್ಕೊಂಡವರು ಪ್ರತಿ ಸೀಸನ್‌ನಲ್ಲೂ ಇರ್ತಾರೆ. ಆದ್ರೂ ವೇಗದ ಹುಚ್ಚು ಹಿಡಿದ ಹುಡುಗನಿಗೆ ಗದ್ದೆಯೇ ವಾಸಿ.

ಇನ್ನು ದುಡ್ಡು. ಮಗ ಹೇಳಿದ್ದು ಬೈಕ್ ರೇಟ್ ಮಾತ್ರ, ಅದು ಪೂರ್ತಿ ಲೆಕ್ಕ ಅಲ್ಲ ಅಂತ ನಿಮಗೆ ಅನಿಸಿದ್ದು ನಿಜ. ಹೆಲ್ಮೆಟ್, ಗಾಗಲ್ಸ್, ಎದೆ ಬೆನ್ನಿನ ಗಾರ್ಡ್, ಮೊಣಕಾಲಿನ ಬ್ರೇಸ್, ಬೂಟ್ಸ್, ಗ್ಲೌಸ್, ಇದಿಷ್ಟು ಬೈಕ್‌ಗಿಂತ ಮೊದಲು ಬರಬೇಕು. ಬೈಕ್ ಸೆಕೆಂಡ್‌ಹ್ಯಾಂಡ್ ಆಗಲಿ, ಬೇರೆಯವರದ್ದಾಗಲಿ, ಬಾಡಿಗೆದ್ದಾಗಲಿ, ಮೈಗೆ ಹಾಕೋ ಈ ಗೇರ್ ಮಾತ್ರ ಅವನದೇ ಆಗಿರಲಿ. ಮನೆಯಲ್ಲಿ ಹೀಗೆ ಹೇಳಿ, ಈ ವರ್ಷ ಗೇರ್ ಕೊಡಿಸ್ತೀವಿ, ನೀನು ಗೆಳೆಯನ ಬೈಕಲ್ಲಿ ಪ್ರಾಕ್ಟೀಸ್ ಮಾಡು, ನೋವೈಸ್ (ಹೊಸಬರ) ಕ್ಲಾಸಲ್ಲಿ ಓಡಿಸು, ಮುಂದಿನ ವರ್ಷಕ್ಕೂ ಆಸೆ ಉಳಿದಿದ್ರೆ ಬೈಕ್ ಮಾತು. ಅರ್ಧ ಹುಡುಗರಿಗೆ ಒಂದು ಸೀಸನ್ ಧೂಳು ಕುಡಿದ ಮೇಲೆ ಸಾಕು ಅನಿಸ್ತದೆ, ಉಳಿದರ್ಧಕ್ಕೆ ಅದು ನಿಜವಾದ ಆಟ ಆಗ್ತದೆ, ಅಂಥವರಿಗೆ ಖರ್ಚು ಮಾಡಿದ್ದು ದಂಡ ಆಗಲ್ಲ.

ಇನ್ನೊಂದು ವಿಷಯ, ಇದನ್ನ ದಯವಿಟ್ಟು ನಿಮ್ಮವರಿಗೂ ಓದಿ ಹೇಳಿ. ಮನೆ ಬೈಕಿನ ಇನ್ಶೂರೆನ್ಸ್ ರೇಸ್‌ನಲ್ಲಿ ಆದ ಡ್ಯಾಮೇಜ್‌ಗೆ ಬರಲ್ಲ, ಪಾಲಿಸಿ ಕಾಗದದಲ್ಲೇ ಸಂಘಟಿತ ರೇಸ್, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯ ಇಲ್ಲ ಅಂತ ಬರೆದಿರ್ತದೆ. ಅಪಘಾತ ವಿಮೆಯಲ್ಲೂ ಆ ಷರತ್ತು ಇರೋದೇ ಜಾಸ್ತಿ. ಎಂಟ್ರಿ ಫೀ ಜೊತೆ ರೈಡರ್‌ಗೆ ಇನ್ಶೂರೆನ್ಸ್ ಮಾಡಿಸ್ತಾರಾ, ಎಷ್ಟಕ್ಕೆ, ಅಂತ ಆಯೋಜಕರನ್ನ ಕೇಳಿಯೇ ಕಳಿಸಿ. ಕಾಫಿ ರೇಟ್ ನಂಬಿ ದೊಡ್ಡ ಕಂತು ಕಟ್ಟಿಕೊಳ್ಳೋದೂ ಬೇಡ. ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಬರ ಬಂದು 2024ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ರೇಟ್ ಕಂಡಿತು, ಅಲ್ಲಿ ಮಳೆ ಚೆನ್ನಾಗಿ ಆದ್ರೆ ಇಲ್ಲಿ ರೇಟ್ ಇಳೀತದೆ. ಬೈಕ್ ಕಂತು ಮಾತ್ರ ಇಳಿಯಲ್ಲ.

ಮೂರ್ನಾಡು ಕಡೆಯ ಒಂದು ಯುವಕ ಸಂಘದಿಂದ:

ಸರ್, ನಾವು ಪ್ರತಿ ವರ್ಷ ಊರ ಗದ್ದೆಯಲ್ಲಿ ರೇಸ್ ಮಾಡಿಸ್ತೀವಿ. ಜೆಸಿಬಿ, ನೀರಿನ ಟ್ಯಾಂಕರ್, ಆಂಬುಲೆನ್ಸ್, ಮೈಕ್, ಟೈಮಿಂಗ್ ಎಲ್ಲದರ ರೇಟೂ ಏರಿದೆ. ಜನ ಬರಲಿ ಅಂತ ಫಸ್ಟ್ ಪ್ರೈಜ್ ಏರಿಸಿದ್ವಿ, ಎಂಟ್ರಿ ಫೀನೂ ಏರಿಸಿದ್ವಿ. ನೋಡೋಕೆ ಜನ ಸೇರಿದ್ರು, ಆದ್ರೆ ಊರ ಹುಡುಗರ ಎಂಟ್ರಿ ಅರ್ಧಕ್ಕೆ ಇಳೀತು. ಎಲ್ಲಿ ತಪ್ಪಿದ್ವಿ?

ಉತ್ತರ: ನಿಮ್ಮ ಕಾಗದದಲ್ಲೇ ಉತ್ತರ ಉಂಟು. ಫಸ್ಟ್ ಪ್ರೈಜ್ ದೊಡ್ಡದು ಮಾಡಿದ ಕೂಡಲೇ ಹೊರಗಿನಿಂದ ದೊಡ್ಡ ಟೀಮ್ ರೈಡರ್‌ಗಳು ಬರ್ತಾರೆ, ಅವರು ಬರಬಾರದು ಅಂತಲ್ಲ, ಅವರನ್ನ ನೋಡಿ ನಮ್ಮ ಹುಡುಗರು ಕಲೀತಾರೆ, ಆದ್ರೆ ಅವರ ಬೈಕಿನ ಎದುರು ನಿಲ್ಲೋಕೆ ನಮ್ಮ ಹುಡುಗನೂ ಸಾಮಾನು ಹಾಕಿಸ್ತಾನೆ, ಅವನನ್ನ ನೋಡಿ ಪಕ್ಕದ ಮನೆಯವನೂ ಹಾಕಿಸ್ತಾನೆ. ಹಾಕಿಸೋಕಾಗದೇ ಇರೋ ಮೂರನೆಯವನು ಮುಂದಿನ ವರ್ಷ ಗ್ಯಾಲರಿಯಲ್ಲಿ ನಿಂತಿರ್ತಾನೆ. ಖರ್ಚು ಏರೋಕೆ ಪೆಟ್ರೋಲು, ಡಾಲರು ಮಾತ್ರ ಕಾರಣ ಅಲ್ಲ. ರೂಲ್ ಬುಕ್ಕಲ್ಲಿ ಸಿಸಿ ಒಂದನ್ನೇ ಬರೆದು ಉಳಿದದ್ದೆಲ್ಲಾ ಬಿಟ್ರೆ, ದುಡ್ಡು ಸುರಿಯೋಕೆ ಬಾಗಿಲು ನಾವೇ ತೆಗೆದುಕೊಟ್ಟ ಹಾಗೆ. ನನ್ನ ಪ್ರಕಾರ ನಮ್ಮ ಕಡೆ ರೇಸ್ ಕಷ್ಟ ಆಗಿರೋದು ಜಾಸ್ತಿ ಇದರಿಂದಲೇ.

ಅಮೆರಿಕದಲ್ಲಿ ಸಣ್ಣ ಊರುಗಳ ಮಣ್ಣಿನ ಟ್ರ್ಯಾಕ್‌ಗಳಿಗೆ ಇದೇ ರೋಗ ಬಹಳ ಹಿಂದೆ ಬಂತು. ಅಲ್ಲಿ ಐಎಂಸಿಎ ಅಂತ ಒಂದು ಸಂಸ್ಥೆ ಉಂಟು, 1915ರಿಂದ ಇರೋದು, ಈಗ ಐಯೋವಾ ರಾಜ್ಯದ ವಿಂಟನ್ ಅನ್ನೋ ಸಣ್ಣ ಊರಲ್ಲಿದೆ. ಅವರು 1979ರಲ್ಲಿ ಮಾಡಿಫೈಡ್ ಅಂತ ಒಂದು ಕಾರ್ ಕ್ಲಾಸ್ ಶುರು ಮಾಡಿದಾಗ ಒಂದು ರೂಲ್ ತಂದ್ರು, ರೇಸ್ ಮುಗಿದ ಮೇಲೆ ಸೋತವನು ಮೊದಲೇ ಬರೆದಿಟ್ಟ ಸಣ್ಣ ಮೊತ್ತ ಕೊಟ್ಟು ಗೆದ್ದವನ ಎಂಜಿನ್‌ನೇ ಕೇಳಿ ತಗೋಬಹುದು, ಕೊಡಲ್ಲ ಅಂದ್ರೆ ಗೆದ್ದವನಿಗೆ ಶಿಕ್ಷೆ. ಯೋಚನೆ ಮಾಡಿ, ಸಣ್ಣ ಮೊತ್ತಕ್ಕೆ ಕೈಬಿಟ್ಟು ಹೋಗಬಹುದಾದ ಎಂಜಿನ್‌ಗೆ ಯಾರು ಲಕ್ಷಗಟ್ಟಲೆ ಸುರೀತಾರೆ? ಆಮೇಲೆ ಅಲ್ಲಿಯ ಎಷ್ಟೋ ಕ್ಲಾಸ್‌ಗಳಲ್ಲಿ ಕಂಪನಿಯಿಂದಲೇ ಸೀಲ್ ಆಗಿ ಬರೋ ಎಂಜಿನ್ ಬಂತು, ಬೋಲ್ಟ್ ಬಿಚ್ಚಿದ್ರೆ ಗೊತ್ತಾಗ್ತದೆ.

ಎಂಜಿನ್ ಕೇಳಿ ತಗೊಳ್ಳೋ ರೂಲ್ ನಮ್ಮ ಊರಲ್ಲಿ ಬೇಡ ಅಂತಲೇ ನನ್ನ ಅಭಿಪ್ರಾಯ, ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಒಂದು ಎಂಜಿನ್ ವಿಷಯಕ್ಕೆ ಎರಡು ಮನೆ ಮಾತು ಬಿಡೋದು ಯಾರಿಗೂ ಬೇಕಾಗಿಲ್ಲ. ಆದ್ರೆ ಸೀಲ್ ಮಾಡೋದು ಸುಲಭ. ಲೋಕಲ್ ಕ್ಲಾಸ್‌ನ ಬೈಕ್ ರೇಸ್‌ಗೆ ಮೊದಲಿನ ಸ್ಕ್ರೂಟಿನಿಗೆ (ತಪಾಸಣೆಗೆ) ಬಂದಾಗ ಎಂಜಿನ್ ಹೆಡ್ ಬೋಲ್ಟ್‌ಗೆ ತೂತು ಹಾಕಿಸಿ ತಂತಿ ಕಟ್ಟಿ ಸೀಸದ ಸೀಲ್ ಒತ್ತಿ, ಸೀಸನ್ ಪೂರ್ತಿ ಅದು ಹಾಗೇ ಇರಬೇಕು. ಕಂಪನಿ ಕಾರ್ಬುರೇಟರ್ ಅಥವಾ ಇಸಿಯು, ಕಂಪನಿ ಸಸ್ಪೆನ್ಷನ್ ಅಂತ ಬರೀರಿ, ಒಳಗಿನ ಆಯಿಲ್, ಸ್ಪ್ರಿಂಗ್ ಬದಲಾಯಿಸೋಕೆ ಬಿಡಿ. ಟೈರ್‌ಗೆ ನಮ್ಮ ದೇಶದ್ದೇ ಒಂದು ಮಾಡಲ್ ಹೆಸರು ಹಾಕಿ, ಒಂದು ರೇಸ್‌ಗೆ ಒಂದೇ ಜೊತೆ ಅಂತ ಪೇಂಟ್ ಗುರುತು ಹಾಕಿ. ಇಷ್ಟು ಮಾಡಿದ್ರೆ ಹೀಟ್ಸ್‌ಗೆ ಒಂದು ಟೈರ್, ಫೈನಲ್‌ಗೆ ಹೊಸ ಟೈರ್ ಅನ್ನೋದು ನಿಂತುಹೋಗ್ತದೆ. ಗೆದ್ದ ಮೂರು ಬೈಕನ್ನ ರೇಸ್ ಆದ ಕೂಡಲೇ ಎಲ್ಲರ ಎದುರು ಚೆಕ್ ಮಾಡಿ ತೋರಿಸಿ, ಮೆಕ್ಯಾನಿಕ್ ಬೇರೆ ತಾಲೂಕಿನವರಾಗಿರಲಿ. ರೂಲ್ ಬರೆದು ಚೆಕ್ ಮಾಡದೇ ಬಿಟ್ರೆ ಪ್ರಾಮಾಣಿಕವಾಗಿ ಬಂದ ಹುಡುಗನೇ ಸೋಲೋದು, ಇದು ನನಗೆ ಬಹಳ ನೋವು ಕೊಡೋ ವಿಷಯ.

ಪ್ರೈಜ್ ಮನಿ ಒಬ್ಬನಿಗೇ ಸುರೀಬೇಡಿ. ಫಸ್ಟ್ ಪ್ರೈಜ್ ಇಳಿಸಿ ಹತ್ತನೇ ಸ್ಥಾನದವರೆಗೂ ಹಂಚಿ, ಕೊನೆಗೆ ಬಂದವನಿಗೂ ಎಂಟ್ರಿ ಫೀ ವಾಪಸ್ ಸಿಗೋ ಹಾಗಿದ್ರೆ ಮುಂದಿನ ವರ್ಷ ಬಂದೇ ಬರ್ತಾನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟ್ ನಮ್ಮ ಕಣ್ಣೆದುರೇ ಉಂಟಲ್ಲ, ಅಲ್ಲಿ ಅಪ್ಪನೂ ಆಡ್ತಾನೆ ಮಗನೂ ಆಡ್ತಾನೆ, ಒಳ್ಳೇ ಪ್ಲೇಯರ್ ಇಲ್ಲದ ಮನೆಯೂ ಟೀಮ್ ಇಳಿಸ್ತದೆ. ಸ್ಟಿಕ್ ಹಿಡಿದು ಯಾರು ಬೇಕಾದ್ರೂ ಇಳೀಬಹುದು ಅನ್ನೋದಕ್ಕೇ ಅದು ಅಷ್ಟು ಬೆಳೀತು. ನಿಮ್ಮ ಖರ್ಚು ಉಳಿಸೋಕೆ ಅಕ್ಕಪಕ್ಕದ ಎರಡು ಮೂರು ಸಂಘದವರು ಸೇರಿ ಒಂದೇ ಟ್ರ್ಯಾಕನ್ನ ಬೆನ್ನು ಬೆನ್ನಿಗೆ ಎರಡು ವಾರ ಬಳಸಿ, ಜೆಸಿಬಿ ಬಾಡಿಗೆ ಒಂದೇ ಸಲ. ಆಂಬುಲೆನ್ಸು, ಡಾಕ್ಟರು, ಮಾರ್ಷಲ್‌ಗಳು, ಟ್ರ್ಯಾಕ್‌ಗೆ ನೀರು, ಈ ನಾಲ್ಕರಲ್ಲಿ ಮಾತ್ರ ಒಂದು ರೂಪಾಯಿ ಕಡಿಮೆ ಮಾಡಬೇಡಿ. ನೀರು ಹೊಡೀದೇ ಇದ್ರೆ ಧೂಳಲ್ಲಿ ಹಿಂದಿನವನಿಗೆ ಬಿದ್ದವನು ಕಾಣಲ್ಲ.

ವಿರಾಜಪೇಟೆಯಿಂದ:

ಹಳೇ ಮಾರುತಿ ಎಸ್ಟೀಮ್ ಕಾರು ಒಂದು ಕಮ್ಮಿಗೆ ಸಿಗ್ತಾ ಉಂಟು, ಆಟೋಕ್ರಾಸ್‌ಗೆ ರೆಡಿ ಮಾಡಬೇಕು. ರೋಲ್ ಕೇಜ್‌ಗೆ (ಕಾರು ಮಗುಚಿದ್ರೆ ಕಾಪಾಡೋ ಒಳಗಿನ ಪೈಪಿನ ಪಂಜರ) ಹೊರಗೆ ಕೇಳಿದ ರೇಟ್ ಕೇಳಿ ತಲೆ ತಿರುಗಿತು. ಊರಲ್ಲಿ ಗೇಟ್ ಮಾಡೋ ವೆಲ್ಡಿಂಗ್ ಶಾಪಲ್ಲಿ ಜಿಐ (ನೀರಿನ) ಪೈಪಲ್ಲಿ ಮಾಡಿಸಿದ್ರೆ ಆಗ್ತದಾ?

ಉತ್ತರ: ಆಗಲ್ಲ. ನೀರಿನ ಪೈಪು ಸೀಮ್ (ಉದ್ದಕ್ಕೆ ಬೆಸುಗೆ) ಹಾಕಿ ಮಾಡಿದ್ದು, ಕಾರು ಮಗುಚಿದಾಗ ಆ ಸೀಮ್‌ನಲ್ಲೇ ಬಾಯಿ ಬಿಡ್ತದೆ, ಮೇಲಿನ ಗ್ಯಾಲ್ವನೈಸ್ ಕೋಟಿಂಗ್‌ನಿಂದ ವೆಲ್ಡೂ ಸರಿ ಕೂರಲ್ಲ. ಎಫ್‌ಐಎ (ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ರೂಲ್ ಪ್ರಕಾರ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಸ್ಟೀಲ್ ಟ್ಯೂಬೇ ಬೇಕು, ತಲೆ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ಹೊರಗಿನ ಅಡ್ಡಳತೆ, 2.5 ಮಿಲಿಮೀಟರ್ ಗೋಡೆ, ಅಥವಾ 50ಕ್ಕೆ 2. ಉಳಿದ ಕಡೆ 38ಕ್ಕೆ 2.5, ಅಥವಾ 40ಕ್ಕೆ 2. ಟ್ಯೂಬ್ ನೀವೇ ಬಿಲ್ ಸಮೇತ ತಂದು, ಕೇಜ್ ಮಾಡಿ ಅನುಭವ ಇರೋ ಫ್ಯಾಬ್ರಿಕೇಟರ್ ಹತ್ತಿರ ಬಗ್ಗಿಸಿ ವೆಲ್ಡ್ ಮಾಡಿಸಿದ್ರೆ ರೆಡಿ ಕೇಜ್‌ಗಿಂತ ಸ್ವಲ್ಪ ಉಳೀತದೆ. ಕಡಿಮೆಗೆ ಸಿಕ್ತು ಅಂತ ಯಾರೋ ಬಿಟ್ಟ ಬೆಲ್ಟ್, ಬಕೆಟ್ ಸೀಟ್ ತಗೊಳ್ಳುವಾಗ ಲೇಬಲ್ ಓದಿ, ಎಫ್‌ಐಎ ಬೆಲ್ಟ್‌ಗೆ ಅವಧಿ ಮುಗಿಯೋ ವರ್ಷ ಅದರಲ್ಲೇ ಇರ್ತದೆ.

ಕಾರಿನ ಆಯ್ಕೆ ಬಗ್ಗೆ, ಎಸ್ಟೀಮ್ ನಿಂತು 2007ರಿಂದ ಇಷ್ಟು ವರ್ಷ ಆಯ್ತು, ಮಾರುತಿ ಜಿಪ್ಸಿ ಜೀಪೂ 2019ಕ್ಕೆ ನಿಂತುಹೋಯ್ತು, ಒಳ್ಳೇ ಜಿಪ್ಸಿಗೆ ಈಗ ಕೇಳೋ ರೇಟ್ ನಿಮಗೇ ಗೊತ್ತು. ಆದ್ರೆ ಎಸ್ಟೀಮು, ಜಿಪ್ಸಿ, ಮೊದಲ ಸ್ವಿಫ್ಟ್‌ನ 1.3 ಪೆಟ್ರೋಲು, ಎಲ್ಲಾ ಒಂದೇ ಜಿ13 ಕುಟುಂಬದ ಎಂಜಿನ್, ಹಾಗಾಗಿ ಗುಜರಿಯಲ್ಲಿ ಹುಡುಕಿದ್ರೆ ಬಿಡಿಭಾಗ ಈಗಲೂ ಸಿಗ್ತದೆ, ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗಳೂ ನಮ್ಮ ಕಡೆ ಇದ್ದಾರೆ. ಬಾಡಿ ತುಕ್ಕು ಹಿಡಿದಿಲ್ಲ ಅಂದ್ರೆ ಮಾತ್ರ ತಗೊಳ್ಳಿ, ಸಸ್ಪೆನ್ಷನ್ ಟವರ್, ಫ್ಲೋರ್ ಎರಡನ್ನೂ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ.

ಕುಶಾಲನಗರದಿಂದ, ಕಾಲೇಜು ಹುಡುಗಿ:

ಅಣ್ಣಾ, ಲೇಡೀಸ್ ಕ್ಲಾಸಲ್ಲಿ ಓಡಿಸ್ಬೇಕು ಅಂತ ಆಸೆ. ನಾವು ನಾಲ್ಕು ಜನ ಫ್ರೆಂಡ್ಸ್, ಒಬ್ಬಳ ಹತ್ತಿರ ಮಾತ್ರ ಬೈಕ್ ಉಂಟು. ಗೇರ್ ಎಲ್ಲಾ ಶೇರ್ ಮಾಡ್ಕೊಂಡ್ರೆ ನಡೀತದಾ?

ಉತ್ತರ: ಬೈಕ್ ಶೇರ್ ಮಾಡಿ, ಪಿಕಪ್ ಬಾಡಿಗೆ ಹಂಚ್ಕೊಳ್ಳಿ, ಬೂಟ್ಸ್ ಸೈಜ್ ಒಂದೇ ಇದ್ರೆ ಅದೂ ನಡೀತದೆ. ರೇಸ್‌ಗೆ ಬದಲಾಯಿಸಿದ ಬೈಕನ್ನ ರೋಡಲ್ಲಿ ಓಡಿಸ್ಕೊಂಡು ಹೋಗಬೇಡಿ, ಲೈಟು ನಂಬರ್ ಪ್ಲೇಟು ಬಿಚ್ಚಿದ ಬೈಕ್‌ಗೆ ದಂಡ ಹಾಕ್ತಾರೆ. ಒಂದೇ ಕ್ಲಾಸಲ್ಲಿ ಇಬ್ಬರು ಒಂದೇ ಬೈಕಲ್ಲಿ ಓಡಿಸೋಕೆ ಒಟ್ಟಿಗೆ ಸ್ಟಾರ್ಟ್ ಇರೋ ರೇಸಲ್ಲಿ ಆಗಲ್ಲ, ಒಬ್ಬೊಬ್ಬರನ್ನೇ ಬಿಡೋ ಟೈಮ್ ಟ್ರಯಲ್ ಇದ್ರೆ ಆಯೋಜಕರ ಹತ್ತಿರ ಡಬಲ್ ಎಂಟ್ರಿ ಬಿಡ್ತೀರಾ ಅಂತ ಕೇಳಿ. ನ್ಯಾಷನಲ್ ಲೆವೆಲ್ ಈವೆಂಟ್ ಆದ್ರೆ ದೇಶದ ಮೋಟಾರ್ ರೇಸ್ ಸಂಸ್ಥೆ ಎಫ್‌ಎಂಎಸ್‌ಸಿಐ ಕೊಡೋ ಲೈಸೆನ್ಸ್ ಬೇಕು, ಅದು ಒಬ್ಬೊಬ್ಬರಿಗೂ ಬೇರೆ.

ಹೆಲ್ಮೆಟ್ ಮಾತ್ರ ಶೇರ್ ಮಾಡಬೇಡ ತಂಗಿ. ಒಬ್ಬಳ ತಲೆಗೆ ಒಳಗಿನ ಪ್ಯಾಡ್ ಕೂತಿರ್ತದೆ, ಇನ್ನೊಬ್ಬಳಿಗೆ ಸಡಿಲ ಆಗ್ತದೆ, ಬಿದ್ದಾಗ ತಿರುಗಿಬಿಡ್ತದೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್‌ಗೆ ಹೊರಗೆ ಗೆರೆ ಕಾಣದಿದ್ರೂ ಒಳಗಿನ ಥರ್ಮಾಕೋಲ್ ಅದುಮಿ ಹೋಗಿರ್ತದೆ, ಫ್ರೆಂಡ್ ಬಿದ್ದಿದ್ದಾಳೋ ಇಲ್ಲವೋ ನಿನಗೆ ಗೊತ್ತಿರಲ್ಲ. ನಾಲ್ಕು ಜನ ಸೇರಿ ಉಳಿಸಿದ ದುಡ್ಡಲ್ಲಿ ಮೊದಲು ನಾಲ್ಕು ಹೆಲ್ಮೆಟ್ ತಗೊಳ್ಳಿ, ಅಂಗಡಿಗೇ ಹೋಗಿ ಹಾಕಿ ನೋಡಿ, ಸ್ಟ್ರಾಪ್ ಕಟ್ಟಿ ತಲೆ ಜೋರಾಗಿ ಆಡಿಸಿದ್ರೂ ಕೆನ್ನೆ ಚರ್ಮದ ಜೊತೆ ಹೆಲ್ಮೆಟ್ ಒಟ್ಟಿಗೆ ಅಲ್ಲಾಡಬೇಕು, ಅಷ್ಟು ಟೈಟ್ ಇರಬೇಕು.